ಫಿನಾಯಿಲ್ ವಾಸನೆ ಬಂದರೆ ಸಾಲದು, ಗಡಿಯಾರ ನೋಡಿ

ಸರ್ಕಾರಿ ಆಸ್ಪತ್ರೆಯ ಬಾಗಿಲು ದಾಟಿದೊಡನೆ ಮೂಗಿಗೆ ಬಡಿಯುವುದು ಫಿನಾಯಿಲ್ ಘಾಟು. ಅದು ಬಂದರೆ ನಮ್ಮ ಜನಕ್ಕೆ ಸಮಾಧಾನ. ‘ಪರವಾಗಿಲ್ಲ, ಕ್ಲೀನಾಗಿ ಇಟ್ಕೊಂಡವ್ರೆ’ ಅನ್ನುತ್ತಾರೆ. ಬರದಿದ್ದರೆ ‘ಇದೇನ್ ಆಸ್ಪತ್ರೆನಪ್ಪಾ’ ಎಂದು ಮೂಗು ಮುರಿಯುತ್ತಾರೆ. ಕಾಸಿದ್ದವರು ಹೋಗುವ ನರ್ಸಿಂಗ್ ಹೋಮಿನಲ್ಲಿ ಫಿನಾಯಿಲ್ ಬದಲು ನಿಂಬೆಹಣ್ಣಿನ ವಾಸನೆ ಬರಬಹುದು. ನಂಬಿಕೆ ಮಾತ್ರ ಎರಡೂ ಕಡೆ ಒಂದೇ.

ರೋಗಾಣುವಿಗೆ ಮೂಗಿಲ್ಲ. ಅದು ವಾಸನೆಗೆ ಹೆದರಿ ಓಡುವುದಿಲ್ಲ. ಅದನ್ನು ಕೊಲ್ಲಲು ಮೂರು ಬೇಕು: ತಿಕ್ಕಿ ತೊಳೆಯುವ ಕೈ, ತಕ್ಕ ಶಾಖ ಇಲ್ಲವೇ ತಕ್ಕ ಔಷಧ, ಮತ್ತು ಪೂರ್ತಿ ಸಮಯ. ಮೊದಲ ಎರಡು ಕಣ್ಣಿಗೆ ಕಾಣುತ್ತವೆ. ಕಣ್ಣಿಗೆ ಕಾಣದೆ ಕಳವಾಗುವುದು ಮೂರನೆಯದು. ಇಪ್ಪತ್ತು ನಿಮಿಷ ಮುಳುಗಿರಬೇಕಾದ್ದು ಐದೇ ನಿಮಿಷಕ್ಕೆ ಹೊರಬಂದರೆ, ಮೂವತ್ತು ನಿಮಿಷ ಬೇಯಬೇಕಾದ್ದು ಹದಿನೈದಕ್ಕೆ ಕೆಳಗಿಳಿದರೆ, ಕೇಳುವವರಾರು? ಈ ಕಳವಿಗೆ ಕಂಪ್ಲೇಂಟ್ ಇಲ್ಲ, ಮಹಜರ್ ಇಲ್ಲ. ದಂಡ ಕಟ್ಟುವವರು ಮಾತ್ರ ರೋಗಿಗಳು.

ದಂಡವೇನು ಸಣ್ಣದಲ್ಲ. ಸಿಸೇರಿಯನ್ ಆಗಿ ವಾರದೊಳಗೆ ಮನೆಗೆ ಬರಬೇಕಾದ ಬಾಣಂತಿ, ಹೊಲಿಗೆಯಲ್ಲಿ ಕೀವು ತುಂಬಿಕೊಂಡು ತಿಂಗಳುಗಟ್ಟಲೆ ಡ್ರೆಸ್ಸಿಂಗಿಗೆ ಅಲೆಯುತ್ತಾಳೆ. ಕೂಸು ಅಜ್ಜಿಯ ಕೈಯಲ್ಲಿ. ಹೆಂಗಸರಿಗೆ ಬಸ್ಸು ಫ್ರೀ ಇದ್ದೀತು, ಜೊತೆಗೆ ಬರುವ ಗಂಡನ ದಿನಗೂಲಿ ಯಾರು ಕೊಡುತ್ತಾರೆ? ‘ಆಪ್ರೇಷನ್ ಚೆನ್ನಾಗೇ ಆಯ್ತು ಕಣಣ್ಣಾ, ಆಮೇಲ್ ಯಾಕೋ ನಂಜಾಯ್ತು’ ಎಂಬ ಮಾತು ಬಸ್‌ಸ್ಟ್ಯಾಂಡಿನಲ್ಲಿ, ನ್ಯಾಯಬೆಲೆ ಅಂಗಡಿ ಮುಂದೆ ಕೇಳದವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ಆಸ್ಪತ್ರೆಗೆ ದಾಖಲಾಗುವ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ, ಅಲ್ಲಿದ್ದಾಗಲೇ ಕನಿಷ್ಠ ಒಂದು ಸೋಂಕು ಅಂಟುತ್ತದೆ. ಬಂದ ಕಾಯಿಲೆ ಬೇರೆ, ಅಲ್ಲಿ ಸಿಕ್ಕ ಕಾಯಿಲೆ ಬೇರೆ.

83 ಹೆಂಗಸರು, ಒಂದು ಕೊಳವೆ

ನಿಮಿಷದ ಬೆಲೆ ಏನೆಂದು ತಿಳಿಯಲು ಛತ್ತೀಸಗಡದ ಬಿಲಾಸ್‌ಪುರಕ್ಕೆ ಹೋಗಿ ಬರಬೇಕು. 2014ರ ನವೆಂಬರ್ 8ರಂದು ಆ ಪಟ್ಟಣದ ಹತ್ತಿರದ ಪೆಂಡಾರಿಯಲ್ಲಿ, ಬಳಕೆಯಲ್ಲಿಲ್ಲದ ಒಂದು ಖಾಸಗಿ ಆಸ್ಪತ್ರೆ ಕಟ್ಟಡದಲ್ಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪ್ ನಡೆಯಿತು. ಒಬ್ಬರೇ ಸರ್ಜನ್. ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮುಗಿಯಿತು. ಮುಂದಿನ ದಿನಗಳಲ್ಲಿ ಅವರಲ್ಲಿ 13 ಮಂದಿ ಸತ್ತರು. ಎಲ್ಲರೂ ಬಡವರ ಮನೆಯವರು, ಸಣ್ಣ ಮಕ್ಕಳ ತಾಯಂದಿರು.

ಕೊಟ್ಟ ಮಾತ್ರೆಯಲ್ಲಿ ವಿಷ ಬೆರೆತಿತ್ತು ಎಂಬ ಮಾತು ಬಂತು. ಶಸ್ತ್ರಚಿಕಿತ್ಸೆಯಿಂದ ನಂಜಾಯಿತು ಎಂಬ ಮಾತೂ ಬಂತು. ಆ ವಾದ ಒಂದು ಕಡೆ ಇರಲಿ. ಗಡಿಯಾರದ ಲೆಕ್ಕಕ್ಕೆ ಮಾತ್ರ ವಾದ ಬೇಕಿಲ್ಲ. ಹೊಟ್ಟೆಯೊಳಗೆ ತೂರಿಸುವ ದೀಪದ ಕೊಳವೆಗೆ ಲ್ಯಾಪರೊಸ್ಕೋಪ್ ಎಂದು ಹೆಸರು. ಒಬ್ಬರಿಗೆ ಬಳಸಿದ ಮೇಲೆ ತೊಳೆದು, ಕಡಿಮೆ ಎಂದರೂ 20 ನಿಮಿಷ ಔಷಧದಲ್ಲಿ ಮುಳುಗಿಸಿಟ್ಟು, ಆಮೇಲೆ ಇನ್ನೊಬ್ಬರಿಗೆ ಬಳಸಬೇಕು ಎಂಬುದು ನಿಯಮ. ಅಲ್ಲಿ ಬಳಸಿದ್ದು ಒಂದೇ ಲ್ಯಾಪರೊಸ್ಕೋಪ್ ಎಂದು ಆಗ ವರದಿಯಾಯಿತು. ಈಗ ಗುಣಿಸಿ ನೋಡಿ. 83 ಸಲ 20 ನಿಮಿಷ ಎಂದರೆ 1,660 ನಿಮಿಷ. ಅಂದರೆ 27 ಗಂಟೆ 40 ನಿಮಿಷ. ಬರೀ ನೆನೆಹಾಕಿಡುವುದಕ್ಕೇ ಒಂದು ಹಗಲು, ಒಂದು ರಾತ್ರಿ, ಮತ್ತೆ ಮಾರನೇ ದಿನ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ಬೇಕು. ಆ ಕ್ಯಾಂಪ್ ಸಂಜೆಯೊಳಗೆ ಮುಗಿದಿತ್ತು.

ಸರ್ಕಾರದ ನಿಯಮವೇ ಒಂದು ಲ್ಯಾಪರೊಸ್ಕೋಪಿನಲ್ಲಿ ದಿನಕ್ಕೆ ಹತ್ತು, ಒಬ್ಬ ಸರ್ಜನ್ ಮೂರು ಲ್ಯಾಪರೊಸ್ಕೋಪ್ ಇಟ್ಟುಕೊಂಡು ದಿನಕ್ಕೆ ಮೂವತ್ತು, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳುತ್ತಿತ್ತು. ನಿಯಮ ಕಡತದಲ್ಲಿತ್ತು. ಟಾರ್ಗೆಟ್ ಮೇಜಿನ ಮೇಲಿತ್ತು. ಬಿಹಾರದ ಇಂಥದೇ ಇನ್ನೊಂದು ಕ್ಯಾಂಪಿನ ಬಗ್ಗೆ ದೇವಿಕಾ ಬಿಸ್ವಾಸ್ ಎಂಬುವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು ತೀರ್ಪು ಕೊಟ್ಟು, ಮೂರು ವರ್ಷದೊಳಗೆ ಈ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಎಂದಿತು.

ಕ್ಯಾಂಪ್ ನಿಲ್ಲಬಹುದು. ಅವಸರ ನಿಂತಿತೇ? ನಮ್ಮ ತಾಲ್ಲೂಕು ಆಸ್ಪತ್ರೆಯಿರಲಿ, ಪೇಟೆ ಬೀದಿಯ ಹಲ್ಲಿನ ಕ್ಲಿನಿಕ್ ಇರಲಿ, ಹೊರಗೆ ಕ್ಯೂ ಬೆಳೆದಾಗ ಒಳಗೆ ಗಡಿಯಾರದ ಗತಿ ಏನು ಎಂಬುದು ಪ್ರತಿಯೊಬ್ಬ ನಾಗರಿಕನೂ ಕೇಳಬೇಕಾದ ಪ್ರಶ್ನೆ.

ಯಾವುದಕ್ಕೆ ಎಷ್ಟು?

ಆಸ್ಪತ್ರೆಯ ಎಲ್ಲ ಸಾಮಾನಿಗೂ ಒಂದೇ ಶುಚಿ ಬೇಕಿಲ್ಲ. ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ಎಂಬ ತಜ್ಞರು 1968ರಲ್ಲಿ ವಿವರಿಸಿದ ಮೂರು ದರ್ಜೆಗಳನ್ನೇ ಜಗತ್ತು ಇವತ್ತಿಗೂ ಪಾಲಿಸುತ್ತಿದೆ. ಮನೆ ಹೆಂಗಸರಿಗೆ ಇದು ಹೊಸದೇನಲ್ಲ. ನೆಲಕ್ಕೆ ಗುಡಿಸಿ ಒರೆಸಿದರೆ ಸಾಕು. ಊಟದ ತಟ್ಟೆಗೆ ಸೋಪು ಹಾಕಿ ತಿಕ್ಕಬೇಕು. ಮಗುವಿನ ಹಾಲಿನ ಬಾಟ್ಲಿಯನ್ನು ಕುದಿಸಲೇಬೇಕು.

ಆಸ್ಪತ್ರೆಯಲ್ಲೂ ಹಾಗೆಯೇ. ಗಾಯವಿಲ್ಲದ ಚರ್ಮವನ್ನು ಮುಟ್ಟುವ ಬಿ.ಪಿ. ಪಟ್ಟಿ, ಸ್ಟೆತೊಸ್ಕೋಪ್, ಮಂಚ ಇವಕ್ಕೆ ತೊಳೆದು ಒರೆಸುವುದು ಸಾಕು. ಬಾಯಿ, ಗಂಟಲು, ಕರುಳಿನ ಒಳಪೊರೆಯನ್ನು ಮುಟ್ಟುವ ಎಂಡೋಸ್ಕೋಪ್, ಉಸಿರಾಟದ ಕೊಳವೆಗಳಿಗೆ ಬಲವಾದ ಔಷಧ ಬೇಕು. ಮಾಂಸ, ರಕ್ತ ಸೇರುವ ಕತ್ತರಿ, ಚಿಮಟ, ಹೊಲಿಗೆ ಸೂಜಿಗಳಲ್ಲಿ ಒಂದೇ ಒಂದು ಜೀವಾಣುವೂ ಉಳಿಯಬಾರದು. ಸ್ಪೋರ್ ಎಂಬ ಗಟ್ಟಿ ಕವಚದ ಬೀಜಾಣು ಕೂಡ ಸಾಯಬೇಕು. ಇದಕ್ಕೆ ಸ್ಟೆರಿಲೈಸ್ ಮಾಡುವುದು ಎನ್ನುತ್ತಾರೆ. ಒರೆಸಿ ಶುಚಿ ಮಾಡುವುದೇ ಬೇರೆ, ಇದೇ ಬೇರೆ.

ಹಳಬರಿಗೆ ನೆನಪಿರಬಹುದು. ಹಿಂದೆ ಗಾಜಿನ ಸಿರಿಂಜನ್ನು ಕಾಂಪೌಂಡರು ಸ್ಟೌ ಮೇಲೆ ಕುದಿಸಿ, ಅದೇ ಸೂಜಿಯನ್ನು ಊರಿಗೆಲ್ಲ ಚುಚ್ಚುತ್ತಿದ್ದರು. ಬರೀ ಕುದಿಯುವ ನೀರಿಗೆ ಎಲ್ಲ ಬೀಜಾಣುಗಳೂ ಸಾಯುವುದಿಲ್ಲ. ಧನುರ್ವಾಯುವಿನ ಬೀಜಾಣು ಕುದಿನೀರಿಗೂ ಜಗ್ಗದ ಜಾತಿ. ಈಗ ಒಂದು ಸಲ ಬಳಸಿ ಬಿಸಾಡುವ ಸಿರಿಂಜ್ ಬಂದಿದೆ. ಆದರೆ ಬಿಸಾಡುವುದನ್ನು ಬಿಸಾಡದಿದ್ದರೆ? 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್-ಬಿ ಕಾಮಾಲೆ ಹಬ್ಬಿ ಹಲವರು ಸತ್ತಾಗ, ತನಿಖೆ ಹೋಗಿ ನಿಂತದ್ದು ಮರುಬಳಕೆಯ ಸಿರಿಂಜಿನ ಮುಂದೆ.

ತೊಳೆಯದೆ ಬೇಯಿಸಿದರೆ ಏನು ಫಲ?

ಆಟೋಕ್ಲೇವ್ ಮೆಷಿನ್ ಇದೆ ಎಂದು ಆಸ್ಪತ್ರೆಯವರು ಎದೆ ತಟ್ಟಿ ಹೇಳುತ್ತಾರೆ. ಮೆಷಿನ್ನಿಗೆ ಮುಂಚೆ ನಲ್ಲಿ ಇದೆ ಎಂಬುದು ಮರೆತುಹೋಗುತ್ತದೆ. ಕತ್ತರಿಯ ಕೀಲಿನಲ್ಲಿ ರಕ್ತ ಒಣಗಿ ಕೂತಿದ್ದರೆ ಅದರ ಅಡಿಯಲ್ಲಿರುವ ರೋಗಾಣುವಿಗೆ ಅದೇ ಕಂಬಳಿ. ಹಬೆ ಅಲ್ಲಿಗೆ ತಲುಪುವುದಿಲ್ಲ. ಹಾಗೆಂದು ಮೊದಲಿಗೇ ಬಿಸಿನೀರು ಸುರಿಯುವಂತೆಯೂ ಇಲ್ಲ. ಮೊಟ್ಟೆ ಬೆಂದು ಪಾತ್ರೆಗೆ ಕಚ್ಚಿಕೊಂಡ ಹಾಗೆ ರಕ್ತವೂ ಉಕ್ಕಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪಿನ ನೀರು. ಕತ್ತರಿ ಬಾಯಿ ತೆರೆದು, ಕೀಲು ಬಿಡಿಸಿ, ಬ್ರಷ್ಷಿನಿಂದ ನೀರಿನೊಳಗೇ ತಿಕ್ಕಬೇಕು. ನೀರಿನ ಮೇಲೆ ಹಿಡಿದು ತಿಕ್ಕಿದರೆ ಹನಿ ಸಿಡಿದು ತಿಕ್ಕುವವರ ಕಣ್ಣಿಗೇ ಬೀಳುತ್ತದೆ. ಬ್ಲೀಚಿಂಗ್ ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕಿದರೆ ಉಕ್ಕು ತುಕ್ಕು ಹಿಡಿದು ಗುಳಿ ಬೀಳುತ್ತದೆ. ಆ ಗುಳಿಯೇ ಮುಂದೆ ರೋಗಾಣುವಿನ ಮನೆ.

ಈ ಕೆಲಸಕ್ಕೆ ಬಿ.ಇ. ಓದಬೇಕಿಲ್ಲ, ಎಂ.ಬಿ.ಬಿ.ಎಸ್. ಬೇಕಿಲ್ಲ. ತಾಳ್ಮೆ ಬೇಕು, ದಪ್ಪ ರಬ್ಬರ್ ಗ್ಲೌಸ್ ಬೇಕು, ಸಾಕಷ್ಟು ಬೆಳಕು ಬೇಕು, ನಲ್ಲಿಯಲ್ಲಿ ನೀರು ಬೇಕು. ಬೇಸಿಗೆಯಲ್ಲಿ ಎಷ್ಟು ತಾಲ್ಲೂಕು ಕೇಂದ್ರಗಳಲ್ಲಿ ನೀರಿಗೆ ಹಾಹಾಕಾರ ಎಂಬುದು ಓದುಗರಿಗೆ ಹೇಳಬೇಕಾಗಿಲ್ಲ. ಟ್ಯಾಂಕರ್ ಬಾರದ ದಿನ ಆಸ್ಪತ್ರೆಯಲ್ಲಿ ಮೊದಲು ಉಪವಾಸ ಬೀಳುವುದು ಈ ತೊಳೆಯುವ ತೊಟ್ಟಿ.

ಕುಕ್ಕರ್ ಬಲ್ಲವರಿಗೆ ಆಟೋಕ್ಲೇವ್ ಬಲು ಸುಲಭ

ಆಟೋಕ್ಲೇವ್ ಎಂದರೆ ದೊಡ್ಡ ಪ್ರೆಶರ್ ಕುಕ್ಕರ್, ಅಷ್ಟೆ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರರ ಜೊತೆಗಾರ ಚಾರ್ಲ್ಸ್ ಶಾಂಬರ್ಲಾಂಡ್ 1879ರಲ್ಲಿ ರೂಪಿಸಿದ್ದು. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಿ ಒತ್ತಡ ಕೊಟ್ಟರೆ ಹಬೆ 121 ಡಿಗ್ರಿಗೆ ಏರುತ್ತದೆ. ಆಗ ಮೀಟರಿನಲ್ಲಿ ಚದರ ಅಂಗುಲಕ್ಕೆ 15 ಪೌಂಡ್ ಒತ್ತಡ. ಬಟ್ಟೆ ಸುತ್ತದ ಸಾಮಾನಿಗೆ 20 ನಿಮಿಷ, ಬಟ್ಟೆ ಸುತ್ತಿದ್ದಕ್ಕೆ 30 ನಿಮಿಷ ಆ ಶಾಖ ನಿಲ್ಲಬೇಕು. ಎಣಿಕೆ ಶುರುವಾಗುವುದು ಸ್ವಿಚ್ ಹಾಕಿದಾಗಿನಿಂದಲ್ಲ, ಮುಳ್ಳು 121 ಮುಟ್ಟಿದಾಗಿನಿಂದ. ಎಷ್ಟೋ ಕಡೆ ತಪ್ಪುವುದು ಈ ಎಣಿಕೆಯಲ್ಲೇ.

ಬಿಸಿಗಾಳಿ ಸಾಲದೇ, ಹಬೆಯೇ ಏಕೆ? ಬೇಕರಿ ಒಲೆಯ ಬಾಯಿಗೆ ಕೈ ಒಡ್ಡಿದರೆ ಒಂದೆರಡು ಕ್ಷಣ ತಡೆಯಬಹುದು. ಇಡ್ಲಿ ಪಾತ್ರೆಯ ಹಬೆಗೆ ಕೈ ಕೊಟ್ಟರೆ ತಕ್ಷಣ ಬೊಬ್ಬೆ. ಹಬೆ ತಣ್ಣಗಿನ ವಸ್ತುವಿಗೆ ತಗುಲಿ ನೀರಾಗುವಾಗ ತನ್ನ ಒಡಲಿನ ಶಾಖವನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಅದಕ್ಕೇ ಒಣಶಾಖದ ಪೆಟ್ಟಿಗೆಯಲ್ಲಿ 160 ಡಿಗ್ರಿಗೆ ಎರಡು ಗಂಟೆ ಹಿಡಿಯುವ ಕೆಲಸವನ್ನು ಹಬೆ ಅರ್ಧ ಗಂಟೆಯಲ್ಲಿ ಮಾಡುತ್ತದೆ.

ಆದರೆ ಒಳಗಿನ ಗಾಳಿ ಹೊರಗೆ ಹೋಗಬೇಕು. ಅಡುಗೆಮನೆಯಲ್ಲಿ ಹಬೆ ನುಗ್ಗಿ ಬರುವ ತನಕ ಕುಕ್ಕರಿಗೆ ವೆಯ್ಟ್ ಹಾಕುವುದಿಲ್ಲ, ಅಲ್ಲವೇ? ಇಲ್ಲೂ ಅದೇ. ಗಾಳಿ ಒಳಗೇ ಉಳಿದರೆ ಮುಳ್ಳು ಒತ್ತಡ ತೋರಿಸುತ್ತದೆ, ಶಾಖ ಮಾತ್ರ ಇರುವುದಿಲ್ಲ. ಡ್ರಮ್ಮಿನ ಪಕ್ಕದ ತೂತುಗಳನ್ನು ಒಳಗಿಡುವಾಗ ತೆರೆದಿಡಬೇಕು, ಹೊರತೆಗೆದೊಡನೆ ಮುಚ್ಚಬೇಕು. ಸಂತೆ ದಿನದ ಬಸ್ಸಿನ ಹಾಗೆ ತುರುಕಿದರೆ ನಡುವಿನ ಗಂಟಿಗೆ ಹಬೆ ಹೋಗುವುದಿಲ್ಲ. ಹೊರಬಂದ ಗಂಟು ಒದ್ದೆಯಾಗಿದ್ದರೆ ಅದನ್ನು ಶುದ್ಧ ಎನ್ನುವಂತಿಲ್ಲ. ಒದ್ದೆ ಬಟ್ಟೆಯ ದಾರಿಯಲ್ಲಿ ಹೊರಗಿನ ರೋಗಾಣು ಒಳಗಿಳಿಯುತ್ತದೆ. ಒಣಗಿದ, ಹರಿಯದ ಗಂಟು ಏಳು ದಿನ ಬರುತ್ತದೆ. ಬಾಯಿ ತೆರೆದ ಡ್ರಮ್ಮಿಗೆ 24 ಗಂಟೆ ಮಾತ್ರ ಆಯುಷ್ಯ.

ಗಂಟಿನ ಮೇಲೆ ಅಂಟಿಸುವ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ‘ಆಯ್ತು ಸಾರ್’ ಎನ್ನುತ್ತಾರೆ. ಆ ಗೆರೆ ಹೇಳುವುದು ಈ ಗಂಟು ಬಿಸಿ ಕಂಡಿದೆ ಎಂದಷ್ಟೆ. ರೋಗಾಣು ಸತ್ತಿದೆ ಎಂದಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಶಾಖಕ್ಕೆ ಬಹಳ ತಡೆಯುವ ಒಂದು ಜಾತಿಯ ಬೀಜಾಣುವನ್ನು ಸಣ್ಣ ಶೀಷೆಯಲ್ಲಿಟ್ಟು ಸಾಮಾನಿನ ಜೊತೆಗೇ ಬೇಯಿಸುತ್ತಾರೆ. ಆಮೇಲೆ ಅದು ಮೊಳೆಯದಿದ್ದರೆ ಪಾಸು, ಮೊಳೆತರೆ ಮೆಷಿನ್ ಫೇಲು. ವಾರಕ್ಕೊಮ್ಮೆಯಾದರೂ ಇದು ನಡೆಯಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು.

ಇನ್ನು ನಮ್ಮೂರಿನ ಹಳೇ ನೆಂಟ ಕರೆಂಟ್ ಕಟ್. ಹನ್ನೆರಡನೇ ನಿಮಿಷಕ್ಕೆ ಕರೆಂಟು ಹೋಯಿತು, ಕಾಲು ಗಂಟೆ ಬಿಟ್ಟು ಬಂತು ಎನ್ನಿ. ಉಳಿದ ಹದಿನೆಂಟು ನಿಮಿಷ ಓಡಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಒಂದರಿಂದ ಮತ್ತೆ ಎಣಿಸಬೇಕು. ಹೊರಗೆ ಹೆರಿಗೆ ನೋವಿನಲ್ಲಿ ಒಬ್ಬಾಕೆ ನರಳುತ್ತಿರುವಾಗ ಒಂದರಿಂದ ಎಣಿಸುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ಜನರೇಟರ್ ಲೈನು ವೈದ್ಯಾಧಿಕಾರಿಗಳ ಕೋಣೆಗೆ ಇದೆಯೋ, ಆಟೋಕ್ಲೇವ್ ಕೋಣೆಗೆ ಇದೆಯೋ ಎಂಬ ಸಣ್ಣ ಪ್ರಶ್ನೆಯಲ್ಲಿ ದೊಡ್ಡ ಉತ್ತರ ಇದೆ.

ಔಷಧದ ತಟ್ಟೆಯ ಕಥೆ

ಶಾಖ ತಡೆಯದ ಸಾಮಾನನ್ನು ಗ್ಲುಟರಾಲ್ಡಿಹೈಡ್ ಎಂಬ ಕಣ್ಣುರಿಸುವ ದ್ರಾವಣದಲ್ಲಿ ಮುಳುಗಿಸುತ್ತಾರೆ. ಸೈಡೆಕ್ಸ್ ಎಂದರೆ ಓಟಿಯವರಿಗೆಲ್ಲ ಗೊತ್ತು. ಶೇಕಡ 2ರ ಬಲದಲ್ಲಿ 20 ನಿಮಿಷಕ್ಕೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಬೀಜಾಣುವೂ ಸಾಯಬೇಕಾದರೆ 10 ಗಂಟೆ ಬೇಕು. ಒಮ್ಮೆ ಪುಡಿ ಬೆರೆಸಿ ತಯಾರು ಮಾಡಿದ ದ್ರಾವಣದ ಆಯುಷ್ಯ ಸಾಮಾನ್ಯವಾಗಿ 14 ದಿನ. ದಿನಕ್ಕೆ ಹತ್ತಾರು ಸಲ ಒದ್ದೆ ಸಾಮಾನು ಮುಳುಗಿಸಿದರೆ ನೀರು ಬೆರೆತ ಹಾಲಿನ ಹಾಗೆ ಅದಕ್ಕೂ ಮೊದಲೇ ಬಲ ಹೋಗುತ್ತದೆ. ತಟ್ಟೆಯ ಮೇಲೆ ತಯಾರಿಸಿದ ತಾರೀಖು ಬರೆದಿರಬೇಕು. ತಾರೀಖಿಲ್ಲದ ತಟ್ಟೆಯಲ್ಲಿ ಔಷಧವಿದೆಯೋ ಬರೀ ವಾಸನೆಯಿದೆಯೋ ಹೇಳುವವರಿಲ್ಲ.

ಮುಳುಗಿಸಿ ತೆಗೆದ ಮೇಲೂ ಒಂದು ಗಂಡಾಂತರ ಇದೆ. ಆ ಉರಿಯುವ ದ್ರಾವಣವನ್ನು ತೊಳೆಯಲೇಬೇಕು. ತೊಳೆಯುವ ನೀರೂ ಸ್ಟೆರಿಲೈಸ್ ಆದದ್ದೇ ಆಗಬೇಕು. ನಲ್ಲಿ ನೀರಿಗೆ ಹಿಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕ್ಷಯದ ರೋಗಾಣುವಿನ ದಾಯಾದಿಗಳಾದ ಕೆಲವು ಮೈಕೊಬ್ಯಾಕ್ಟೀರಿಯಾ ಜಾತಿಗಳು ನಲ್ಲಿ ನೀರಿನಲ್ಲೇ ಬದುಕಿರುತ್ತವೆ. ಲ್ಯಾಪರೊಸ್ಕೋಪಿ ಆದವರಿಗೆ ಗಾಯ ಚೆನ್ನಾಗಿ ಮಾಗಿ, ಮೂರ್ನಾಲ್ಕು ವಾರದ ಮೇಲೆ ತೂತು ಹಾಕಿದ ಜಾಗದಲ್ಲೇ ಗಂಟು ಕಟ್ಟಿ ಕೀವು ಸೋರುವುದನ್ನು ನಮ್ಮ ದೇಶದ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಸಾಮಾನ್ಯ ಆಂಟಿಬಯಾಟಿಕ್ಕಿಗೆ ಅದು ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಆಗ ರೋಗಿ ಬೈಯುವುದು ತನ್ನ ಹಣೆಬರಹವನ್ನು, ಇಲ್ಲವೇ ತಾನು ತಿಂದ ಬದನೆಕಾಯಿಯನ್ನು.

ಬಕೆಟ್ಟು, ಬಟ್ಟೆ, ಹೊಗೆ

ಮೊದಲು ಹೇಳಿದ ವಾಸನೆಗೂ ಒಂದು ಚರಿತ್ರೆ ಇದೆ. ಗ್ಲಾಸ್ಗೋದ ಸರ್ಜನ್ ಜೋಸೆಫ್ ಲಿಸ್ಟರ್ 1865ರಲ್ಲಿ ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಕಟ್ಟಿ ನಂಜಾಗದಂತೆ ಉಳಿಸಿದರು. 1867ರಲ್ಲಿ ಅದನ್ನು ಪ್ರಕಟಿಸಿದರು. ಆಸ್ಪತ್ರೆಗೆ ಆ ಘಾಟು ಅಂಟಿದ್ದು ಅಲ್ಲಿಂದ. ಔಷಧ ಬದಲಾಯಿತು, ಘಾಟಿನ ಮೇಲಿನ ಭಕ್ತಿ ಮಾತ್ರ ಉಳಿಯಿತು.

ಒಂದೇ ಬಕೆಟ್ಟು, ಒಂದೇ ಮಾಪ್ ಹಿಡಿದು ಹೆರಿಗೆ ವಾರ್ಡಿನಿಂದ ಶುರುಮಾಡಿ ಕಕ್ಕಸಿನ ತನಕ, ಅಲ್ಲಿಂದ ವಾಪಸು ಮಕ್ಕಳ ವಾರ್ಡಿನ ತನಕ ಎಳೆದರೆ ಅದು ಒರೆಸುವುದಲ್ಲ, ಹಂಚುವುದು. ಕೊಳೆ ನೀರಿಗೆ, ತೊಳೆಯುವ ನೀರಿಗೆ, ಔಷಧದ ನೀರಿಗೆ ಬೇರೆ ಬೇರೆ ಬಕೆಟ್ಟು ಬೇಕು. ತೆಳುವಾದ ಸೋಂಕು ನಿವಾರಕದಲ್ಲಿ ಸೂಡೊಮೊನಾಸ್‌ನಂಥ ರೋಗಾಣು ಸಾಯುವ ಬದಲು ಸಂಸಾರ ಹೂಡುತ್ತದೆ. ನೆಲಕ್ಕೆ ರಕ್ತ ಚೆಲ್ಲಿದರೆ ಮಾಪ್ ಎಳೆಯುವ ಹಾಗಿಲ್ಲ. ಬಟ್ಟೆ ಮುಚ್ಚಿ, ಶೇಕಡ 1ರ ಹೈಪೊಕ್ಲೋರೈಟ್ ಸುರಿದು, ಹತ್ತು ನಿಮಿಷವಾದರೂ ಬಿಟ್ಟು, ಆಮೇಲೆ ತೆಗೆಯಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಮಾಡುವುದಾದರೆ ಲೀಟರ್ ನೀರಿಗೆ ಸುಮಾರು 30 ಗ್ರಾಂ. ಆ ನೀರನ್ನು ದಿನಾ ಹೊಸದಾಗಿ ಮಾಡಬೇಕು. ಬಿಸಿಲಿಗಿಟ್ಟ, ಬಾಯಿ ತೆರೆದಿಟ್ಟ ಪೌಡರ್ ಸುಣ್ಣದ ಪುಡಿಗೆ ಸಮ. ಅದಕ್ಕೆ ಟಾಯ್ಲೆಟ್ ಆಸಿಡ್ ಬೆರೆಸಿದರೆ ಕ್ಲೋರಿನ್ ವಿಷಗಾಳಿ ಎದ್ದು, ತೊಳೆಯುವ ಬಡಪಾಯಿಯೇ ಕೆಮ್ಮುತ್ತಾ ಮಂಚ ಹಿಡಿಯಬೇಕಾದೀತು.

‘ಓಟಿ ಫ್ಯೂಮಿಗೇಶನ್ ಆಗಿದೆ’ ಎಂಬುದು ಇನ್ನೊಂದು ಮಂತ್ರ. ಫಾರ್ಮಲಿನ್ ಹೊಗೆ ಹಾಕಿ ಬಾಗಿಲು ಜಡಿಯುವ ಹಳೇ ಪದ್ಧತಿ. ಆ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು 2004ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿತು. ಮೇಜಿನ ಧೂಳು ಒರೆಸದೆ ಹೊಗೆ ಹಾಕಿ ಪ್ರಯೋಜನವಿಲ್ಲ. ಚೆನ್ನಾಗಿ ತೊಳೆದು ಒರೆಸಿದ ಓಟಿಗೆ ಆ ಹೊಗೆಯ ಅಗತ್ಯವೂ ಇಲ್ಲ.

ಕೈ ತೊಳೆದುಕೊಳ್ಳಲು ಅರ್ಧ ನಿಮಿಷ

ಸಾಮಾನು ಶುದ್ಧ, ನೆಲ ಶುದ್ಧ. ಇವನ್ನೆಲ್ಲ ಮುಟ್ಟುವ ಕೈ? ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಬಾಣಂತಿಯರು ನಂಜಿನಿಂದ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದಾರೆ ಎಂದು ಇಗ್ನಾಸ್ ಸೆಮ್ಮೆಲ್ವೈಸ್ ಎಂಬ ಡಾಕ್ಟರ್ ಪತ್ತೆ ಹಚ್ಚಿದರು. ಬ್ಲೀಚಿಂಗ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದು ಕಡ್ಡಾಯ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಇದು ಅವಮಾನವಾಗಿ ಕಂಡಿತು. ಕೊನೆಗೆ 1865ರಲ್ಲಿ ಅವರು ಹುಚ್ಚಾಸ್ಪತ್ರೆಯಲ್ಲಿ, ಗಾಯ ನಂಜಾಗಿಯೇ ಸತ್ತರು.

ಇವತ್ತು ಆಲ್ಕೋಹಾಲ್ ದ್ರಾವಣದಲ್ಲಿ ಕೈ ಉಜ್ಜಲು 20ರಿಂದ 30 ಸೆಕೆಂಡು, ಸೋಪು ನೀರಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡು ಸಾಕು. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ನಡುವೆ ಅಷ್ಟು ಬಿಡುವು ಬೇಕು. ನರ್ಸೊಬ್ಬರ ಪಾಲಿಗೆ ಮೂವತ್ತು ನಲವತ್ತು ಹಾಸಿಗೆ ಕೊಟ್ಟರೆ ಆ ಅರ್ಧ ನಿಮಿಷವೂ ಕಳವಾಗುತ್ತದೆ.

ಇದರಲ್ಲಿ ಸಾರ್ವಜನಿಕರ ಪಾಲೂ ಇದೆ. ಹೆರಿಗೆ ಆಯಿತು ಎಂದರೆ ಊರಿಗೆ ಊರೇ ವಾರ್ಡಿಗೆ ನುಗ್ಗುತ್ತದೆ. ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಕೂಸಿನ ಕೆನ್ನೆ ಹಿಂಡುತ್ತಾರೆ. ಬಾಣಂತಿಯ ಮಂಚದ ಮೇಲೇ ಕೂತು ಬುತ್ತಿ ಬಿಚ್ಚುತ್ತಾರೆ. ‘ಕೈ ತೊಳ್ಕೊಂಡು ಬನ್ನಿ’ ಎಂದ ಸಿಸ್ಟರಿಗೆ ‘ಬಾಳ ರೂಲ್ಸ್ ಮಾತಾಡ್ತಾಳೆ ಕಣೆ’ ಎಂಬ ಬಿರುದು.

ಮುಚ್ಚಿದ ಬಾಟಲಿಯೂ ನಂಬಿಕಸ್ತವಲ್ಲ

ಆಸ್ಪತ್ರೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಹೊರಗಿನಿಂದ ಬರುವ ಬಾಟಲಿ ಕೈಕೊಡಬಹುದು. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರು ಕಣ್ಣು ಕಳೆದುಕೊಂಡಾಗ, ಬಳಸಿದ ದ್ರಾವಣವೇ ಕೆಟ್ಟಿತ್ತು ಎಂಬ ಮಾತು ಬಂತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಕಾರ್ಖಾನೆಯಲ್ಲಿ ಯಾರೋ ಕದ್ದ ನಿಮಿಷಕ್ಕೂ ದಂಡ ಕಟ್ಟುವವರು ರೋಗಿಗಳೇ. ಯಾವ ರೋಗಿಗೆ ಯಾವ ಬ್ಯಾಚಿನ ಬಾಟಲಿ ಏರಿಸಿದರು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರೆ, ಮೊದಲ ತೊಂದರೆ ಕಂಡಾಗಲೇ ಉಳಿದ ಬಾಟಲಿಗಳನ್ನು ತಡೆಯಬಹುದು.

ಕಳ್ಳ ಯಾರು?

ಹಾಗಾದರೆ ಆಸ್ಪತ್ರೆಯೊಳಗೆ ನಿಮಿಷ ಕದಿಯುವ ಕಳ್ಳ ಯಾರು? ‘ಆ ಆಯಾನೇ ಸೋಂಬೇರಿ’ ಎಂದು ಬೆರಳು ತೋರುವುದು ಸುಲಭ. ಸ್ವಲ್ಪ ಲೆಕ್ಕ ಹಾಕಿ. ತೊಳೆದು, ಒಣಗಿಸಿ, ಸುತ್ತಿ, ಮೆಷಿನ್ ಕಾದು, ಮೂವತ್ತು ನಿಮಿಷ ಬೆಂದು, ಒತ್ತಡ ಇಳಿದು, ಒಣಗಿ ಹೊರಬರಲು ಒಂದು ಸುತ್ತಿಗೆ ಏನಿಲ್ಲೆಂದರೂ ಒಂದೂವರೆ ಗಂಟೆ. ಆಸ್ಪತ್ರೆಯಲ್ಲಿ ಹೆರಿಗೆ ಸೆಟ್ಟು ಆರೇ ಇದ್ದು, ಒಂದೇ ರಾತ್ರಿ ಎಂಟು ಹೆರಿಗೆ ಬಂದವು ಎಂದಿಟ್ಟುಕೊಳ್ಳಿ. ಏಳನೆಯಾಕೆಯ ಮಗು ಒಂದೂವರೆ ಗಂಟೆ ಕಾಯುವುದಿಲ್ಲ. ಆಗ ಆಯಾ ಏನು ಮಾಡಬೇಕು? ಕಳ್ಳತನ ನಡೆದದ್ದು ಆ ರಾತ್ರಿಯಲ್ಲ, ಎರಡು ಸೆಟ್ಟು ಹೆಚ್ಚಿಗೆ ಬೇಕೆಂದು ಬರೆದ ಇಂಡೆಂಟ್ ಕಡತದಲ್ಲಿ ಮಲಗಿದ ದಿನ.

ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಡಿ ಗ್ರೂಪ್ ನೌಕರರು. ಬಹಳ ಕಡೆ ಏಜೆನ್ಸಿ ಮೂಲಕ ಹೊರಗುತ್ತಿಗೆಗೆ ಬಂದವರು. ಟೆಂಡರ್ ಬದಲಾದರೆ ಕೆಲಸಗಾರರೂ ಬದಲಾಗುತ್ತಾರೆ. ಕಲಿಸಿದ್ದೆಲ್ಲ ಅವರ ಜೊತೆಗೇ ಗೇಟು ದಾಟಿ ಹೋಗುತ್ತದೆ. ಹಬೆಗೆ ಸುಟ್ಟುಕೊಳ್ಳುವವರು ಅವರು, ಮರೆತು ಬಿಟ್ಟ ಸೂಜಿ ಚುಚ್ಚಿಸಿಕೊಳ್ಳುವವರು ಅವರು. ಹೆಪಟೈಟಿಸ್-ಬಿ ಲಸಿಕೆ ಮೂರು ಡೋಸು ಅವರಿಗೆ ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಆಪರೇಷನ್ ಗೆದ್ದರೆ ಸರ್ಜನ್ನರಿಗೆ ಹಾರ. ಸ್ಟೆರಿಲೈಸ್ ಮಾಡಿದವಳಿಗೆ ಸಂಬಳ ಎರಡು ತಿಂಗಳು ತಡವಾಗದಿದ್ದರೆ ಅದೇ ಹಾರ.

2015ರಲ್ಲಿ ಕೇಂದ್ರ ಸರ್ಕಾರ ‘ಕಾಯಕಲ್ಪ’ ಎಂಬ ಯೋಜನೆ ತಂದು ಶುಚಿಯಾದ ಸರ್ಕಾರಿ ಆಸ್ಪತ್ರೆಗಳಿಗೆ ಬಹುಮಾನ ಕೊಡಲು ಶುರುಮಾಡಿತು. ಒಳ್ಳೆಯದೇ. ಆದರೆ ತಪಾಸಣೆಯವರು ಬರುವ ವಾರ ಸುಣ್ಣ ಬಳಿದು, ರಂಗೋಲಿ ಬಿಟ್ಟು, ಹೂಕುಂಡ ಇಟ್ಟರೆ ಕಾಯಕಲ್ಪ ಗೋಡೆಗೆ ಆಗುತ್ತದೆ, ಕತ್ತರಿಗಲ್ಲ.

ಕೇಳಬೇಕಾದ ಪ್ರಶ್ನೆಗಳು

ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ಜನಪ್ರತಿನಿಧಿಗಳು, ಅಧಿಕಾರಿಗಳು, ಊರಿನ ನಾಗರಿಕರು ಅದರಲ್ಲಿ ಕೂರುತ್ತಾರೆ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚಿಗೆ ಅದರ ಕೈಯಲ್ಲಿ ಹಣವೂ ಇರುತ್ತದೆ. ಮುಂದಿನ ಸಭೆಯಲ್ಲಿ ಬಣ್ಣ, ಬೋರ್ಡು, ಶಂಕುಸ್ಥಾಪನೆಗಳ ಮಾತು ಮುಗಿದ ಮೇಲೆ ಯಾರಾದರೂ ಐದು ಪ್ರಶ್ನೆ ಕೇಳಲಿ. ಹೆರಿಗೆ ಸೆಟ್ಟು ಎಷ್ಟಿವೆ, ದಿನದ ಹೆರಿಗೆ ಎಷ್ಟು? ಆಟೋಕ್ಲೇವಿಗೆ ಬೀಜಾಣು ಪರೀಕ್ಷೆ ಕಡೆಯ ಸಲ ಆದದ್ದು ಯಾವ ತಾರೀಖು? ಕರೆಂಟು ಹೋದರೆ ಆ ಕೋಣೆಗೆ ಜನರೇಟರ್ ಲೈನ್ ಇದೆಯೇ? ತೊಳೆಯುವ ಕೋಣೆಗೆ ದಿನವಿಡೀ ನೀರು ಬರುತ್ತದೆಯೇ? ಕೆಲಸದವರಿಗೆ ಲಸಿಕೆ, ಗ್ಲೌಸ್, ತರಬೇತಿ ಸಿಕ್ಕಿದೆಯೇ? ಉತ್ತರ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಕಟ್ಟಿ ಆಟೋಕ್ಲೇವ್ ರಿಜಿಸ್ಟರಿನ ನಕಲು ಕೇಳಬಹುದು.

ಖಾಸಗಿಯವರೂ ತಪ್ಪಿಸಿಕೊಳ್ಳುವಂತಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡೇ ನರ್ಸಿಂಗ್ ಹೋಮು, ಹಲ್ಲಿನ ಕ್ಲಿನಿಕ್ಕು ನಡೆಯಬೇಕು. ಹಲ್ಲು ಕೀಳಿಸಲು ಕುರ್ಚಿ ಮೇಲೆ ಕೂತವರು ‘ಡಾಕ್ಟ್ರೇ, ಈ ಸೆಟ್ಟು ನನ್ ಮುಂದೇನೇ ಬಿಚ್ಚಿ’ ಎಂದು ಕೇಳಿದರೆ ಅದು ಉದ್ಧಟತನವಲ್ಲ. ಸಿರಿಂಜಿನ ಕವರ್ ಕಣ್ಣೆದುರೇ ಹರಿಯಲಿ ಎನ್ನುವುದೂ ಅಷ್ಟೆ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಎರಡು ಹೆರಿಗೆ ಸೆಟ್ಟು, ಒಂದು ಜನರೇಟರ್ ಲೈನು, ಒಂದು ಗೋಡೆ ಗಡಿಯಾರ, ಒಂದು ರಿಜಿಸ್ಟರು. ಇದಕ್ಕೆ ಕೋಟಿಗಳ ಪ್ಯಾಕೇಜ್ ಬೇಕಿಲ್ಲ, ಮಂತ್ರಿಗಳು ರಿಬ್ಬನ್ ಕತ್ತರಿಸಬೇಕಿಲ್ಲ. ಸಮಿತಿಯ ಸದಸ್ಯರು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ಮುಗಿಯುವ ಕೆಲಸ. ಆ ಸಭೆ ಯಾವಾಗ ಎಂದು ಮೊದಲು ತಾಲ್ಲೂಕು ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಹಾಕಲಿ.